ನೋಡ್ಕೊಂಡು ನಡೀಬೇಕಲ್ವಾ?

ಕಳೆದ ಭಾನುವಾರ ತುಮಕೂರಿನ ಒಂದು ಛತ್ರದಲ್ಲಿ ನಮ್ಮ ಚಿಕ್ಕಮ್ಮ ಜಾರಿ ಬಿದ್ದರು. ಎರಡನೇ ಪಂಕ್ತಿಯಲ್ಲಿ ಊಟ ಮುಗಿಸಿ ಕೈ ತೊಳೆಯಲು ಹೊರಟವರು, ನಲ್ಲಿ ತಲುಪುವ ಮೊದಲೇ ನೆಲಕ್ಕೆ ಬಿದ್ದಿದ್ದರು. ಬಲಗೈ ಊರಿದ್ದರಿಂದ ಮಣಿಕಟ್ಟಿನ ಮೂಳೆ ಮುರಿದಿದೆ. ಮೊಣಕೈವರೆಗೆ ಪ್ಲಾಸ್ಟರ್. ತಲೆಗೆ ಏಟಾಗಲಿಲ್ಲವಲ್ಲ, ಪುಣ್ಯ ಮಾಡಿದ್ರು ಅಂತ ಎಲ್ಲರೂ ಹೇಳುತ್ತಿದ್ದಾರೆ. ಸರಿ, ಪುಣ್ಯ.

ನನಗೆ ಮರೆಯಲಾಗದೆ ಉಳಿದಿರುವುದು ಛತ್ರದ ಮ್ಯಾನೇಜರ್ ಆಡಿದ ಮಾತು. ಚಿಕ್ಕಮ್ಮ ಇನ್ನೂ ನೆಲದ ಮೇಲೇ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು, ರೇಷ್ಮೆ ಸೀರೆಯ ನೆರಿಗೆಯೆಲ್ಲ ಒದ್ದೆ. ಆತ ಬಗ್ಗಿ ನೋಡಿ, "ಅಮ್ಮಾ, ನೋಡ್ಕೊಂಡು ನಡೀಬೇಕಲ್ವಾ?" ಎಂದರು. ಅದಕ್ಕೆ ಚಿಕ್ಕಮ್ಮ ಏನಂದರು ಗೊತ್ತಾ? "ಹೂಂ ಕಣಪ್ಪಾ, ನಂದೇ ತಪ್ಪು."

ಆತ ಕೆಟ್ಟವರೇನಲ್ಲ. ಕುರ್ಚಿ ತರಿಸಿದರು, ಕುಡಿಯಲು ನೀರು ಕೊಡಿಸಿದರು. ಆಮೇಲೆ ಒಬ್ಬ ಹುಡುಗನನ್ನು ಕೂಗಿದರು. ಅವನು ಮೆಟ್ಟಿಲ ಕೆಳಗಿನಿಂದ ಗೋಣಿಚೀಲ ಎಳೆದುಕೊಂಡು ಬಂದ. ನಲ್ಲಿಗಳ ಮುಂದೆ ಮೂರು ಚೀಲ ಸಾಲಾಗಿ ಹಾಸಿದ. ಅಂಚಿಗೆ ಅಂಚು ಕೂಡಿಸಿ, ಕಾಲಲ್ಲಿ ಒತ್ತಿ ಸರಿ ಮಾಡಿದ. ಚೀಲದ ಮೇಲೆ ಒಣಗಿದ ಅನ್ನದ ಅಗುಳು ಅಂಟಿತ್ತು. ಯಾವುದೋ ಹಳೇ ಮದುವೆಯದ್ದು. ಅಂದರೆ ಪಾಲಿಶ್ ಗ್ರಾನೈಟು ಅಲ್ಲಿ ಜಾರುತ್ತದೆ ಅಂತ ಅವರಿಗೆ ಗೊತ್ತಿತ್ತು. ಚೀಲ ಇತ್ತು, ಹಾಸುವ ಹುಡುಗನೂ ಇದ್ದ. ಅವತ್ತು ಹಾಸಿರಲಿಲ್ಲ, ಅಷ್ಟೇ.

ನಿರ್ಲಕ್ಷ್ಯ ಅಂತ ಸಾಬೀತು ಮಾಡಲು ಯಾರೂ ಕೆಟ್ಟ ಮನಸ್ಸಿನವರಾಗಿರಬೇಕಿಲ್ಲ. ಅಪಾಯ ಮೊದಲೇ ಗೊತ್ತಾಗುವಂಥದ್ದು, ತಪ್ಪಿಸುವ ಹೊಣೆ ನಿಮ್ಮದು, ಆದರೂ ತಪ್ಪಿಸಲಿಲ್ಲ, ಅದರಿಂದ ಒಬ್ಬರಿಗೆ ಪೆಟ್ಟಾಯಿತು. ಇಷ್ಟಾದರೆ ಸಾಕು. ನಾನು ಇದನ್ನು ಹೇಳಿದ್ದಕ್ಕೆ ನಮ್ಮ ಮಾವ ಸಿಡುಕಿದರು. "ಮದುವೆ ಮನೇಲಿ ಕೋರ್ಟು ಕಚೇರಿ ಮಾತು ಯಾಕೆ?" ಮಾವನಿಗೆ ಆಗ ಇದ್ದ ಚಿಂತೆ ಮೂರನೇ ಪಂಕ್ತಿಗೆ ಹೋಳಿಗೆ ಸಾಲುತ್ತದೋ ಇಲ್ಲವೋ ಅನ್ನುವುದು.

ವಕೀಲ ಗೆಳೆಯನಿಗೆ ಫೋನ್ ಮಾಡಿದೆ. ಅವನು ಹೇಳಿದ್ದು ಕೇಳಿ ಇನ್ನೂ ಬೇಜಾರಾಯಿತು. ಅದೇ ದಿನ ಛತ್ರದ ಗೇಟಿನಾಚೆ ಚಿಕ್ಕಮ್ಮನಿಗೆ ಆಟೋ ಗುದ್ದಿದ್ದರೆ ದಾರಿ ಸಲೀಸಾಗಿತ್ತಂತೆ. ಪೊಲೀಸರು ಎಫ್‌ಐಆರ್ ಮಾಡುತ್ತಿದ್ದರು. ಗಾಡಿಗೆ ಇನ್ಶೂರೆನ್ಸ್ ಕಡ್ಡಾಯ. ಮೋಟಾರು ಅಪಘಾತ ಪರಿಹಾರಕ್ಕೇ ಬೇರೆ ನ್ಯಾಯಮಂಡಳಿ ಇದೆ. ಚಿಕ್ಕಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಆದಾಯಕ್ಕೆ ಒಂದು ಚೂರು ಕಾಗದವಿಲ್ಲ. ಅದಕ್ಕೂ ಅಲ್ಲಿ ಉಪಾಯ ಇದೆ. ಇಂಥ ವರ್ಷದ ಅಪಘಾತಕ್ಕೆ ತಿಂಗಳ ಆದಾಯ ಇಷ್ಟು ಅಂತ ಹಿಡಿಯಲು ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ಗಳಿಗಾಗಿ ಒಂದು ಪಟ್ಟಿ ಮಾಡಿದೆ, ಕೋರ್ಟುಗಳೂ ಅದನ್ನು ನೋಡುತ್ತವೆ. ನೋವಿಗೆ ಇಷ್ಟು, ಔಷಧಿಗೆ ಇಷ್ಟು, ಕೆಲಸ ತಪ್ಪಿದ್ದಕ್ಕೆ ಇಷ್ಟು ಅಂತ ಬೇರೆ ಬೇರೆ ಲೆಕ್ಕ ಹಾಕಿ ಕೊಡುತ್ತಾರೆ.

ಗೇಟಿನ ಒಳಗೆ ಬಿದ್ದರೆ? ಸಿವಿಲ್ ದಾವೆ ಹೂಡಬೇಕು. ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕ ಮೊದಲೇ ಕಟ್ಟಬೇಕು. ಆಮೇಲೆ ವರ್ಷಗಟ್ಟಲೆ ಅಲೆದಾಟ. ಅದೇ ಕೈ, ಅದೇ ಮೂಳೆ. ಮದುವೆ ಸೀಸನ್ನಿನಲ್ಲಿ ವಾಪಸ್ ಕೊಟ್ಟ ಬ್ಲೌಸ್ ಪೀಸುಗಳೂ ಅವೇ.

ಹಾಗಂತ ನಮ್ಮ ಕೋರ್ಟುಗಳು ಇಂಥದ್ದನ್ನು ಕಂಡೇ ಇಲ್ಲ ಅಂತಲ್ಲ. 1951ರಲ್ಲಿ ದೆಹಲಿಯ ಚಾಂದನಿ ಚೌಕದಲ್ಲಿ ಪುರಸಭೆಯ ಗಡಿಯಾರ ಗೋಪುರ ಕುಸಿದು ಜನ ಸತ್ತರು. 1966ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಗೋಪುರಕ್ಕೆ 80 ವರ್ಷವಾಗಿತ್ತು, ಅದರ ಗಾರೆ ಬಾಳುವುದು 40-45 ವರ್ಷ. ಆಗಾಗ ಪರೀಕ್ಷೆ ಮಾಡಿಸುವುದು ಮಾಲೀಕರ ಕೆಲಸ, ಗೋಪುರ ಬಿತ್ತು ಅನ್ನುವುದೇ ಮಿಕ್ಕ ಕತೆ ಹೇಳುತ್ತದೆ ಅನ್ನುವುದು ಅದರ ತಿರುಳು. ಕೆಳಗೆ ಹೋಗುತ್ತಿದ್ದವರು ಮೇಲೆ ನೋಡಿಕೊಂಡು ನಡೆಯಬೇಕಿತ್ತು ಅಂತ ಯಾರೂ ಹೇಳಲಿಲ್ಲ.

ಇನ್ನೊಂದು ಮಧ್ಯಪ್ರದೇಶದ್ದು. ಮಳೆ ಬಂದ ರಾತ್ರಿ, ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದ ಒಬ್ಬ ಕೆಲಸಗಾರ, ನೀರಿನಲ್ಲಿ ಬಿದ್ದಿದ್ದ ಕರೆಂಟ್ ತಂತಿ ತಗುಲಿ ತೀರಿಕೊಂಡರು. ಯಾರೋ ಕದ್ದು ಎಳೆದ ತಂತಿ, ನಮ್ಮ ತಪ್ಪಲ್ಲ ಎಂದು ವಿದ್ಯುತ್ ಮಂಡಳಿ ವಾದಿಸಿತು. 2002ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇಷ್ಟು ಅಪಾಯದ ವಸ್ತುವನ್ನು ಹರಿಸುವವರು ನಿರ್ಲಕ್ಷ್ಯ ಇರಲಿ ಬಿಡಲಿ ಹೊಣೆ ಹೊರಲೇಬೇಕು ಅಂದಿತು. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಬೆಳಗಿನ ಜಾವ ಫುಟ್‌ಪಾತಿನಲ್ಲಿ ಬಿದ್ದಿದ್ದ ತಂತಿ ತುಳಿದು ತಾಯಿ, ಹಸುಗೂಸು ಇಬ್ಬರೂ ಹೋದರಲ್ಲ, ಆಗಲೂ ನಮ್ಮ ಕಡೆಯವರೊಬ್ಬರು "ಕತ್ತಲಲ್ಲಿ ನೋಡ್ಕೊಂಡು ಹೋಗ್ಬೇಕಪ್ಪ" ಅಂದಿದ್ದು ನೆನಪಿದೆ. ಎಲ್ಲಿ ನೋಡುವುದು? ಒಂದು ಕಣ್ಣು ಗುಂಡಿ ಮೇಲೆ, ಒಂದು ಕಣ್ಣು ತಂತಿ ಮೇಲೆ, ಕಿತ್ತುಹೋದ ಚಪ್ಪಡಿಗೆ ಮೂರನೆಯದು ಬೇಕು. ನೋಡುವ ಕೆಲಸವನ್ನೆಲ್ಲ ನಡೆಯುವವರಿಗೇ ಬಿಟ್ಟುಬಿಟ್ಟಿದ್ದೇವೆ. ಕಟ್ಟಿದವರು, ಬಾಡಿಗೆ ತಗೊಂಡವರು, ತೆರಿಗೆ ಎತ್ತುವವರು ನೋಡುವುದೇನೂ ಇಲ್ಲ.

ಚಿಕ್ಕಮ್ಮ ಸರಿಯಾಗಿ ನೋಡಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಅವರ ಪಾಲಿನ ತಪ್ಪಿನಷ್ಟು ಪರಿಹಾರದಲ್ಲಿ ಕಳೆಯುತ್ತಾರೆ. ಪೂರ್ತಿ ತಪ್ಪನ್ನು ಸೆರಗಲ್ಲಿ ಕಟ್ಟಿಕೊಂಡು ಮನೆಗೆ ಬಾ ಅಂತ ಯಾವ ಕಾನೂನೂ ಹೇಳುವುದಿಲ್ಲ.

ಗೆಳೆಯ ಕೊನೆಗೊಂದು ದಾರಿ ಹೇಳಿದ. ಗ್ರಾಹಕರ ಆಯೋಗ. ಛತ್ರವನ್ನು ಬಾಡಿಗೆಗೆ ಹಿಡಿದದ್ದು ಹೆಣ್ಣಿನ ತಂದೆ, ಆದರೂ ಅವರು ಕರೆದ ಅತಿಥಿಯೂ ಸೇವೆಯ ಫಲಾನುಭವಿ, ದೂರು ಕೊಡಬಹುದು. ಕೊಟ್ಟ ಬಾಡಿಗೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆಸ್ಪತ್ರೆ ಕಾಗದ ನಮ್ಮ ಹತ್ತಿರ ಇದೆ. ನೆಲ ಹೇಗಿತ್ತು ಅನ್ನುವುದು ವಿಡಿಯೋದವನ ಕ್ಯಾಮೆರಾದಲ್ಲಿ ಇದ್ದರೂ ಇರಬಹುದು, ಪಂಕ್ತಿಯ ಸುತ್ತ ಓಡಾಡುತ್ತಲೇ ಇದ್ದ. ಬೇಕಾಗಿರುವುದು ಬಾಡಿಗೆ ರಸೀದಿ. ಅದು ಇರುವುದು ಹೆಣ್ಣಿನ ತಂದೆಯ ಹತ್ತಿರ.

ಕೇಳ್ತೀನಿ ಅಂದಿದ್ದಕ್ಕೆ ಚಿಕ್ಕಮ್ಮ ಎಡಗೈ ಆಡಿಸಿ ಬೇಡ ಅಂದರು. ಹುಡುಗಿ ಗಂಡನ ಮನೆಗೆ ಹೋಗಿ ವಾರ ಕೂಡ ಆಗಿಲ್ಲ, ಈಗಲೇ ರಸೀದಿ ಕೇಳಿದರೆ ಏನಂದುಕೊಳ್ಳುತ್ತಾರೆ? ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ದೂರು ಕೊಡಲು ಎಷ್ಟು ದಿನ ಟೈಮ್ ಇದೆ ಅಂತ ಕೇಳಿದರು. ಎರಡು ವರ್ಷ ಅಂದೆ.

"ಹಂಗಾದ್ರೆ ಆಷಾಢ ಬರ್ಲಿ ತಡಿ. ಆಗ ಮಗಳು ತೌರಿಗೆ ಬಂದಿರ್ತಾಳೆ, ಅವರೂ ಖುಷೀಲಿರ್ತಾರೆ. ನಾನೇ ಹೋಗಿ ಇಸ್ಕೊಂಡು ಬರ್ತೀನಿ."