ಭಾರದ ಪಾರ್ಟು ಪೆಟ್ಟಿಗೆಯೊಳಗೆ ಅಲುಗಾಡಬಾರದು

ಕಾರಿನ ಸಿಲಿಂಡರ್ ಹೆಡ್ಡಿಗೆ, ಅಂದ್ರೆ ಎಂಜಿನ್ನಿನ ಮೇಲೆ ಕೂರುವ ಲೋಹದ ಭಾಗಕ್ಕೆ, ಎಷ್ಟು ಸುತ್ತು ಬಬಲ್ ಶೀಟ್ ಬೇಕು? ಪ್ಯಾಕಿಂಗ್ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ಮೊದಲು ಕೇಳುವುದೇ ಇದನ್ನು. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಎಂಜಿನ್ ರೀಕಂಡೀಷನ್ ಮಾಡುವ ವರ್ಕ್‌ಶಾಪ್ ಒಂದರಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಹೆಡ್ಡು, ಕ್ರ್ಯಾಂಕು (ಎಂಜಿನ್ನಿನೊಳಗೆ ತಿರುಗುವ ದಂಡ), ಬ್ಲಾಕು (ಎಂಜಿನ್ನಿನ ಒಡಲು), ಗೇರ್‌ಬಾಕ್ಸು ಎಲ್ಲ ಇಲ್ಲಿಂದ ಲಾರಿ ಹತ್ತುತ್ತವೆ. ಮಡಿಕೇರಿಗೆ, ಮಂಗಳೂರಿಗೆ, ವಯನಾಡಿಗೆ, ಕೊಯಮತ್ತೂರಿಗೆ. ಹುಡುಗರಿಗೆ ನಾನು ಹೇಳುವುದು ಒಂದೇ: ಬಬಲ್ ಶೀಟ್ ನಂಬಿ ಭಾರದ ಪಾರ್ಟು ಕಳಿಸಬೇಡಿ.

ಗಾಜಿನ ಸಾಮಾನಿಗೆ ಅದು ಸರಿ. ಕಬ್ಬಿಣಕ್ಕೆ ಅಲ್ಲ. ಹದಿನೈದು ಕೆಜಿ ಭಾರ ಒಂದು ಚೂಪು ಅಂಚಿನ ಮೇಲೆ ಕೂತರೆ ಆ ಗುಳ್ಳೆಗಳು ಊರು ದಾಟುವ ಮೊದಲೇ ಒಡೆದು ಚಪ್ಪಟೆ ಆಗಿರುತ್ತವೆ. ಥರ್ಮೋಕೋಲ್ ಪುಡಿ ಆಗುತ್ತದೆ. ಹಳೇ ಪೇಪರ್ ಉಂಡೆ ಮಾಡಿ ತುಂಬಿದರೆ ಅದೂ ಕುಸಿಯುತ್ತದೆ. ಆಮೇಲೆ ಡಬ್ಬದೊಳಗೆ ಎರಡು ಬೆರಳಷ್ಟು ಜಾಗ ಖಾಲಿ ಆಗುತ್ತದೆ. ತೊಂದರೆ ಶುರು ಆಗುವುದು ಆ ಖಾಲಿ ಜಾಗದಿಂದ. ಲಾರಿ ಪ್ರತಿ ಹಂಪ್ ಹತ್ತಿ ಇಳಿದಾಗಲೂ ಪಾರ್ಟು ಒಳಗೆ ಓಡಾಡುತ್ತದೆ, ಡಬ್ಬದ ಗೋಡೆಗೆ ಗುದ್ದುತ್ತದೆ, ಕೊನೆಗೆ ಒಂದು ಮೂಲೆ ಕಿತ್ತುಕೊಂಡು ಹೊರಗೆ ಬರುತ್ತದೆ.

ಒಂದು ಲೆಕ್ಕ ನೋಡಿ. 15 ಕೆಜಿಯ ಪಾರ್ಟು ಅರ್ಧ ಮೀಟರ್ ಎತ್ತರದಿಂದ ಬಿದ್ದು ಒಂದು ಸೆಂಟಿಮೀಟರ್ ಒಳಗೆ ನಿಂತರೆ, ಆ ಕ್ಷಣ ಅದರ ಮೇಲೆ ಬೀಳುವ ಬಲ ಹೆಚ್ಚುಕಡಿಮೆ 750 ಕೆಜಿ ಭಾರಕ್ಕೆ ಸಮ. ಅರ್ಧ ಮೀಟರ್ ಅಂದ್ರೆ ಮೊಣಕಾಲಿನ ಎತ್ತರ, ಅಷ್ಟೇ. ಯಾರೂ ಎಸೆಯಬೇಕಾಗಿಲ್ಲ, ಕೈ ಜಾರಿದರೂ ಸಾಕು. ಅದಕ್ಕೇ ನಾವು ಪಾರ್ಟನ್ನು ಮೆತ್ತಗೆ ಸುತ್ತುವುದಕ್ಕಿಂತ ಬಿಗಿಯಾಗಿ ಕೂರಿಸುವುದಕ್ಕೆ ಜಾಸ್ತಿ ಟೈಮ್ ಕೊಡುತ್ತೇವೆ.

ಹೆಡ್ಡನ್ನೇ ತೆಗೆದುಕೊಳ್ಳಿ. ನಾಲ್ಕು ಸಿಲಿಂಡರಿನ ಅಲ್ಯೂಮಿನಿಯಂ ಹೆಡ್ಡು ನೋಡೋಕೆ ಗಟ್ಟಿ, ಆದರೆ ಅದರ ಕೆಳಮುಖ ತುಂಬಾ ನಾಜೂಕು. ಸೋರಿಕೆ ತಡೆಯುವ ತೆಳು ಹಾಳೆ, ಅಂದ್ರೆ ಗ್ಯಾಸ್ಕೆಟ್, ಕೂರುವ ಆ ಮುಖವನ್ನು ಮೆಷಿನ್ನಿನಲ್ಲಿ ಸಮತಟ್ಟು ಮಾಡಿರುತ್ತಾರೆ. ಉಗುರಿಗೆ ಸಿಗುವ ಒಂದು ಗೀರು ಬಿದ್ದರೂ ಅಲ್ಲಿಂದ ಕೂಲೆಂಟ್ ಸೋರಬಹುದು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕ್ಯಾಮ್‌ಶಾಫ್ಟ್ (ವಾಲ್ವು ತೆರೆಯುವ ದಂಡ) ಕೂರಿಸಿದ ಹೆಡ್ಡಿನಲ್ಲಿ ಯಾವಾಗಲೂ ಒಂದೆರಡು ವಾಲ್ವು ತೆರೆದೇ ಇರುತ್ತವೆ. ಕ್ಯಾಮಿನ ಉಬ್ಬು ಅವನ್ನು ಕೆಳಗೆ ಒತ್ತಿರುತ್ತದೆ. ಎಷ್ಟೋ ಹೆಡ್ಡುಗಳಲ್ಲಿ ಅಂಥ ವಾಲ್ವು ಕೆಳಮುಖದಿಂದ ಹೊರಗೆ ಚಾಚಿಕೊಂಡಿರುತ್ತದೆ. ಹೆಡ್ಡನ್ನು ಹಾಗೇ ನೆಲದ ಮೇಲೆ ಇಟ್ಟರೆ ಪೂರ್ತಿ ಭಾರ ಆ ವಾಲ್ವಿನ ಅಂಚಿನ ಮೇಲೆ. ವಾಲ್ವು ಒಂದು ಕೂದಲೆಳೆ ಬಗ್ಗಿದರೂ ಸೀಟಿನ ಮೇಲೆ ಸರಿಯಾಗಿ ಕೂರುವುದಿಲ್ಲ, ಕಂಪ್ರೆಷನ್ ಹೋಗುತ್ತದೆ. ಪೆಟ್ಟಿಗೆ ಬಿಚ್ಚಿದವರ ಕಣ್ಣಿಗೆ ಏನೂ ಕಾಣುವುದಿಲ್ಲ. ಹೆಡ್ಡು ಫಿಟ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಿದ ಮೇಲೆ ಗೊತ್ತಾಗುತ್ತದೆ. ಅಷ್ಟೊತ್ತಿಗೆ ಆ ಗ್ಯಾರೇಜಿನವರ ಇಡೀ ದಿನದ ಕೆಲಸ ಹಾಳು.

ಅದಕ್ಕೆ ನಾವು ಮಾಡುವುದು ಹೀಗೆ. ಹೆಡ್ಡಿಗಿಂತ ಸ್ವಲ್ಪ ದೊಡ್ಡದಾಗಿ ದಪ್ಪ ಪ್ಲೈವುಡ್ ಕತ್ತರಿಸುತ್ತೇವೆ. ಎರಡು ತುದಿಗೆ ಇಂಚಿಗಿಂತ ಎತ್ತರದ ಮರದ ತುಂಡು, ಅದರ ಮೇಲೆ ರಬ್ಬರ್ ಶೀಟ್. ಹೆಡ್ಡು ಆ ತುಂಡುಗಳ ಮೇಲೆ ಕೂರುತ್ತದೆ, ವಾಲ್ವುಗಳು ಯಾವುದಕ್ಕೂ ತಾಗದೆ ಮಧ್ಯೆ ತೂಗುತ್ತವೆ. ಆಮೇಲೆ ಹೆಡ್ಡಿನದೇ ಬೋಲ್ಟ್ ತೂತಿನಲ್ಲಿ, ನಾಲ್ಕು ಮೂಲೆಗೆ, ಉದ್ದ ಬೋಲ್ಟ್ ಹಾಕಿ ಪ್ಲೈವುಡ್ಡಿಗೆ ವಾಷರ್ ಸಮೇತ ಬಿಗಿ. ಈಗ ಹೆಡ್ಡು, ಹಲಗೆ ಎರಡೂ ಒಂದೇ ವಸ್ತು. ತಲೆಕೆಳಗೆ ಮಾಡಿದರೂ ಮಿಸುಕುವುದಿಲ್ಲ. ಇಂಜೆಕ್ಟರ್ ತೂತು, ಪ್ಲಗ್ ತೂತು, ಆಯಿಲ್ ದಾರಿ, ಎಲ್ಲಕ್ಕೂ ಪ್ಲಾಸ್ಟಿಕ್ ಮುಚ್ಚಳ. ಬಟ್ಟೆ ತುರುಕಬಾರದು. ಬಟ್ಟೆಯ ಎಳೆ ಒಳಗೆ ಉಳಿದರೆ ಅದು ಆಯಿಲ್ ದಾರಿಗೇ ಅಡ್ಡ.

ಕ್ರ್ಯಾಂಕಿನ ಶತ್ರು ಬೇರೆ: ತುಕ್ಕು. ಗ್ರೈಂಡ್ ಆಗಿ ಪಾಲಿಷ್ ಆದ ಜರ್ನಲ್, ಅಂದ್ರೆ ಬೇರಿಂಗಿನೊಳಗೆ ತಿರುಗುವ ಭಾಗ, ಕನ್ನಡಿ ಥರ ಹೊಳೆಯುತ್ತಿರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು ಅಲ್ಲೇ ಉಳಿಯುತ್ತದೆ, ಕೆಲವು ದಿನದಲ್ಲಿ ಬೆರಳಿನ ಗುರುತು ಕಂದು ಬಣ್ಣದಲ್ಲಿ ಮೂಡಿ ಬರುತ್ತದೆ. ಮಳೆಗಾಲದಲ್ಲಿ ಮಡಿಕೇರಿ ದಾಟಿ ಸಂಪಾಜೆ ಘಾಟಿಯಲ್ಲಿ ಇಳಿಯುವ ಲಾರಿಯಲ್ಲಂತೂ ತೇವಕ್ಕೆ ಕೊರತೆಯೇ ಇಲ್ಲ. ಹಾಗಾಗಿ ಕೈಗವಸು ಹಾಕಿ, ಒರೆಸಿ, ತೆಳುವಾಗಿ ತುಕ್ಕು ತಡೆಯುವ ಎಣ್ಣೆ ಸವರಿ, ವಿಸಿಐ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿಯಾಗಿ ಮುಚ್ಚುತ್ತೇವೆ. ವಿಸಿಐ ಪೇಪರ್ ಒಂದು ಬಗೆಯ ಆವಿ ಬಿಡುತ್ತದೆ. ಅದು ಲೋಹದ ಮೇಲೆ ಕೂತು ತುಕ್ಕು ಹಿಡಿಯದ ಹಾಗೆ ಕಾಯುತ್ತದೆ. ಚೀಲ ತೆರೆದಿದ್ದರೆ ಆ ಆವಿ ಹಾರಿಹೋಗುತ್ತದೆ, ಪೇಪರಿಗೆ ಕೊಟ್ಟ ದುಡ್ಡು ದಂಡ. ಕಬ್ಬಿಣಕ್ಕೆ ಬರುವ ಪೇಪರ್ ಅಲ್ಯೂಮಿನಿಯಂಗೆ, ಹಿತ್ತಾಳೆಗೆ ಆಗುತ್ತದೆ ಅಂತ ಇಲ್ಲ. ಅಂಗಡಿಯಲ್ಲಿ ಕೇಳಿಯೇ ತರಬೇಕು.

ಕ್ರ್ಯಾಂಕನ್ನು ಕೂರಿಸುವುದು ಮರದ ತೊಟ್ಟಿಲ ಮೇಲೆ. ವಿ ಆಕಾರಕ್ಕೆ ಕೊಯ್ದ ಹಲಗೆಗಳು ಮೇನ್ ಜರ್ನಲ್ಲುಗಳನ್ನು ಹಿಡಿಯಬೇಕು. ಎರಡು ತುದಿಗೆ ಮಾತ್ರ ಆಧಾರ ಕೊಟ್ಟರೆ ಸಾಲದು, ನಡುವಿಗೂ ಬೇಕು. ಮೇಲಿಂದ ಅಂಥದ್ದೇ ಹಲಗೆ ಇಟ್ಟು ಅಮುಕಬೇಕು.

ಟರ್ಬೊ (ಎಂಜಿನ್ನಿಗೆ ಗಾಳಿ ತಳ್ಳುವ ಭಾಗ) ಹಗುರ. ತೂತು ಮುಚ್ಚಿ, ಅದರ ಬದಿಯ ತೆಳು ಆಕ್ಚುಯೇಟರ್ ಕಡ್ಡಿ ಹಿಡಿದು ಎತ್ತದಿದ್ದರೆ ಸಾಕು.

ಗೇರ್‌ಬಾಕ್ಸಿಗೂ ಎಂಜಿನ್ ಬ್ಲಾಕಿಗೂ ಮೊದಲು ಎಣ್ಣೆ ಖಾಲಿ ಮಾಡಬೇಕು. ಡ್ರೈನ್ ಪ್ಲಗ್ ಬಿಚ್ಚಿ ಹತ್ತು ನಿಮಿಷ ಬಿಟ್ಟರೆ ಸಾಲದು, ರಾತ್ರಿಯಿಡೀ ಓರೆಯಾಗಿ ನಿಲ್ಲಿಸಿ. ರಟ್ಟಿಗೆ ಎಣ್ಣೆ ತಾಗಿದರೆ ಅದರ ಗಟ್ಟಿತನ ಹೋಯಿತು ಅಂತಲೇ ಲೆಕ್ಕ. ಪಕ್ಕದ ಪಾರ್ಸೆಲ್ಲಿನಲ್ಲಿ ಯಾರದೋ ಮದುವೆ ಬಟ್ಟೆ ಇರಬಹುದು, ಅಲ್ವಾ? ಪೆಟ್ರೋಲ್ ವಾಸನೆ ಬರುವ ಪಾರ್ಟನ್ನು ವಿಮಾನದಲ್ಲಿ ಹೋಗುವ ಕೊರಿಯರ್‌ನವರು ಮುಟ್ಟುವುದಿಲ್ಲ, ಅದು ಸರಿಯೂ ಹೌದು. ಅಂಥದ್ದನ್ನು ಬೆಂಕಿಯ ಅಪಾಯ ಇರುವ ಸರಕು ಅಂತಲೇ ನೋಡುತ್ತಾರೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ನಾವು ಪ್ಯಾಕ್ ಮಾಡುವುದು ಪಾರ್ಟಿಗಾಗಿ ಮಾತ್ರ ಅಲ್ಲ, ಅದನ್ನು ಎತ್ತುವ ಮನುಷ್ಯನಿಗಾಗಿಯೂ. ಟ್ರಾನ್ಸ್‌ಪೋರ್ಟ್ ಗೋಡೌನಿನಲ್ಲಿ ಒಬ್ಬ ಹಮಾಲಿ ನಮ್ಮ ಪೆಟ್ಟಿಗೆ ಸುತ್ತ ಒಂದು ಸುತ್ತು ಹಾಕಿ, "ಅಣ್ಣಾ, ಇದನ್ನ ಎಲ್ಲಿ ಹಿಡ್ಕೊಳ್ಳೋದು?" ಅಂತ ಕೇಳಿದ. ಪೆಟ್ಟಿಗೆ ನಾಲ್ಕೂ ಕಡೆ ನುಣ್ಣಗಿತ್ತು, ನೆಲಕ್ಕೆ ಅಂಟಿ ಕೂತಿತ್ತು. ಬೆರಳು ತೂರಿಸಲೂ ಜಾಗ ಇರಲಿಲ್ಲ. ಅಂಥ ಪೆಟ್ಟಿಗೆಯನ್ನು ಎತ್ತುವುದಿಲ್ಲ, ಉರುಳಿಸುತ್ತಾರೆ. ಇಳಿಸುವಾಗ ಬೆರಳು ಅಡಿಗೆ ಸಿಕ್ಕರೆ ಜಜ್ಜಿಹೋಗುತ್ತದೆ.

ಈಗ ನಮ್ಮ ಪ್ರತಿ ಮರದ ಪೆಟ್ಟಿಗೆಯ ಅಡಿಗೆ ಎರಡು ದಪ್ಪ ರೀಪರ್ (ಮರದ ಪಟ್ಟಿ) ಇರುತ್ತವೆ, ಕೈ ಹೋಗುವಷ್ಟು ಸಂದು ಸಿಗುತ್ತದೆ. ಎರಡು ಬದಿಗೆ ಹಗ್ಗದ ಹಿಡಿ. ತೂಕವನ್ನು ಕೆಂಪು ಬಣ್ಣದಲ್ಲಿ ದೊಡ್ಡದಾಗಿ, ಕನ್ನಡದಲ್ಲೇ ಬರೆಯುತ್ತೇವೆ: "38 ಕೆಜಿ, ಇಬ್ಬರು ಎತ್ತಿ." ಭಾರ ಯಾವ ಕಡೆ ಜಾಸ್ತಿ ಅನ್ನುವುದಕ್ಕೆ ಅಲ್ಲೊಂದು ಬಾಣ. ಗೇರ್‌ಬಾಕ್ಸಿನ ಬೆಲ್, ಅಂದ್ರೆ ಎಂಜಿನ್ನಿಗೆ ಕೂಡುವ ಅಗಲ ಬಾಯಿ, ಇರುವ ತುದಿ ಭಾರ, ಬಾಲದ ತುದಿ ಹಗುರ. ಗೊತ್ತಿಲ್ಲದೆ ಎತ್ತಿದವನ ಸೊಂಟ ಹಿಡಿದುಕೊಳ್ಳುತ್ತದೆ. ಎಲ್ಲ ಅನುಕೂಲ ಇದ್ದಾಗಲೂ ಒಬ್ಬರು ಎತ್ತುವುದಕ್ಕೆ 23 ಕೆಜಿ ಮಿತಿ ಅಂತ ಅಮೆರಿಕದ ಕಾರ್ಮಿಕ ಸುರಕ್ಷತೆಯ ಸಂಸ್ಥೆ ನಿಯೋಶ್ ಹಾಕಿದ ಲೆಕ್ಕ ಇದೆ. ನಾನು ಅದನ್ನೇ ಹಿಡಿದಿದ್ದೇನೆ. ಅದಕ್ಕೂ ಮೇಲಾದರೆ ರಟ್ಟಿನ ಡಬ್ಬ ಬೇಡ, ಮರದ ಪೆಟ್ಟಿಗೆ. ಪೂರ್ತಿ ಎಂಜಿನ್ ಆದರೆ ಪ್ಯಾಲೆಟ್ಟೇ. ಅದನ್ನು ಎಂಜಿನ್ ಮೌಂಟಿನ ಜಾಗದಲ್ಲಿ ಬೋಲ್ಟ್ ಹಾಕಿ ಕೂರಿಸಬೇಕು. ಅಡಿಯಲ್ಲಿ ಎಣ್ಣೆ ನಿಲ್ಲುವ ಸಂಪಿನ ತೆಳು ತಗಡಿನ ಮೇಲೆ ಕೂರಿಸಲೇಬಾರದು. ಪಟ್ಟಿ ಬಿಗಿಯುವಾಗ ಸೆನ್ಸರ್, ಪೈಪು ಅಡಿಗೆ ಸಿಗದ ಹಾಗೆ ನೋಡಬೇಕು.

ಸಣ್ಣ ಪಾರ್ಟಿಗೆ ರಟ್ಟು ಸಾಕು, ಆದರೆ ಐದು ಪದರದ್ದು, ಹೊಸದು. ಕಿರಾಣಿ ಅಂಗಡಿಯ ಹಳೇ ಡಬ್ಬ ಬೇಡವೇ ಬೇಡ.

ನಮ್ಮ ಕಡೆಯ ದಾರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೊಯಮತ್ತೂರಿಗೆ ಚಾಮರಾಜನಗರದ ಮೇಲೆ ಹೋಗುವ ಲಾರಿ ದಿಂಬಂ ಘಾಟಿನಲ್ಲಿ 27 ಹೇರ್‌ಪಿನ್ ತಿರುವು ಇಳಿಯುತ್ತದೆ. ಪ್ರತಿ ತಿರುವಿನಲ್ಲೂ ಪಾರ್ಟು ಪಕ್ಕಕ್ಕೆ ಒತ್ತುತ್ತದೆ, ಬ್ರೇಕ್ ಹಿಡಿದಾಗೆಲ್ಲ ಮುಂದಕ್ಕೆ. ಅಡಿಗೆ ಮಾತ್ರ ಆಧಾರ ಕೊಟ್ಟು ಬದಿ ಬಿಟ್ಟರೆ ಅಲ್ಲಿ ಸೋಲುತ್ತದೆ. ವಯನಾಡಿನ ಲಾರಿಗೆ ಇನ್ನೊಂದು ಪಾಡು. ಬಂಡೀಪುರ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್. ಗೇಟ್ ಹಾಕುವ ಮೊದಲು ದಾಟಬೇಕು ಅಂತ ಸಂಜೆ ಲೋಡಿಂಗ್ ಗಡಿಬಿಡಿಯಲ್ಲಿ ನಡೆಯುತ್ತದೆ. ಆ ಗಡಿಬಿಡಿಯಲ್ಲಿ "ನಿಧಾನ" ಅನ್ನುವ ಸ್ಟಿಕ್ಕರ್ ಯಾರೂ ಓದುವುದಿಲ್ಲ. ಹಾಗಾಗಿ ವಯನಾಡಿನ ಪೆಟ್ಟಿಗೆಗಳನ್ನು ನಾನು ಮಧ್ಯಾಹ್ನ ಊಟಕ್ಕೆ ಮೊದಲೇ ಗೋಡೌನಿಗೆ ಮುಟ್ಟಿಸುತ್ತೇನೆ.

ಹೊರದೇಶಕ್ಕೆ ಹೋಗುವುದಾದರೆ ಮರದ ವಿಷಯ ಬೇರೆ. ಮರದೊಳಗಿನ ಹುಳ ಸಾಯಲಿ ಅಂತ ಅದನ್ನು ಒಳತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿ ಮಾಡಿ, ಅದರ ಮುದ್ರೆ ಒತ್ತಿರಬೇಕು. ಸಾಮಿಲ್ಲಿನ ಹಸಿ ಹಲಗೆ ನಡೆಯುವುದಿಲ್ಲ. ಪ್ಲೈವುಡ್ಡಿಗೆ ಈ ನಿಯಮ ಇಲ್ಲ.

ಮುಚ್ಚುವ ಮೊದಲು ಫೋಟೊ: ಮೇಲಿಂದ, ನಾಲ್ಕು ಬದಿಯಿಂದ, ಪಾರ್ಟಿನ ನಂಬರ್ ಕಾಣುವ ಹಾಗೆ. ಮುಚ್ಚಿದ ಮೇಲೆ ಒಂದು ಮೂಲೆ ಎತ್ತಿ ಬಿಡಿ, ಕಿವಿಗೊಟ್ಟು ಕೇಳಿ. ಒಳಗೆ ಟಕ್ ಅಂತ ಸದ್ದು ಬಂದರೆ ಬಿಚ್ಚಿ ಮತ್ತೆ ಕೂರಿಸಿ. ಮಾಲಿನ ಬೆಲೆ 50,000 ರೂಪಾಯಿ ದಾಟಿದ್ದರೆ ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ಮಾಡಿಸಿಯೇ ಲಾರಿ ಹತ್ತಿಸಿ.

ಮೇಲಿನ ಹಲಗೆಗೆ ನಾವು ಮೊಳೆ ಹೊಡೆಯುವುದಿಲ್ಲ, ಸ್ಕ್ರೂ ಹಾಕುತ್ತೇವೆ. ಮೊಳೆ ಆದರೆ ಆ ಕಡೆಯವರು ರಾಡ್ ಹಾಕಿ ಮೀಟುತ್ತಾರೆ, ಕೈಗೂ ಪಾರ್ಟಿಗೂ ಪೆಟ್ಟು. ಸ್ಕ್ರೂ ಆದರೆ ಪೆಟ್ಟಿಗೆ ಉಳಿಯುತ್ತದೆ, ಅವರ ಹಳೇ ಹೆಡ್ಡು ಅದರಲ್ಲೇ ನಮ್ಮಲ್ಲಿಗೆ ಬರುತ್ತದೆ. ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿರುತ್ತೇವೆ: "ಹಳೇ ಹೆಡ್ಡು ಕಳಿಸುವಾಗ ಎಣ್ಣೆ ಒರೆಸಿ, ಇದೇ ನಾಲ್ಕು ಬೋಲ್ಟ್ ಹಾಕಿ ಬಿಗಿಮಾಡಿ."