ಏನ್‌ಗೆದಿಯ ಕಣಿವೆಯಲ್ಲಿ ಹೀಬ್ರೂ ಓದಲು ಹೊರಟವರಿಗೆ

ಹೀಬ್ರೂ ಅಕ್ಷರ ಕಲಿತು, ಬೈಬಲಿನ ಹಳೆಯ ಒಡಂಬಡಿಕೆಯ ಒಂದೆರಡು ಅಧ್ಯಾಯಗಳನ್ನಾದರೂ ಮೂಲದಲ್ಲಿ ಓದಬಲ್ಲವರು ಇಸ್ರೇಲ್ ಪ್ರವಾಸದ ಯೋಚನೆಯಲ್ಲಿದ್ದರೆ ನನ್ನದೊಂದು ಮಾತು ಕೇಳಿ. ದಿನಕ್ಕೆ ನಾಲ್ಕು ಜಾಗ ತೋರಿಸುವ ಬಸ್ ಪ್ಯಾಕೇಜ್ ಬೇಡ. ಅದರಲ್ಲಿ ಫೋಟೊ ಸಿಗುತ್ತದೆ, ಓದಲು ಹೊತ್ತು ಸಿಗುವುದಿಲ್ಲ. ಒಂದು ಕಣಿವೆ ಆರಿಸಿಕೊಳ್ಳಿ. ಆ ಕಣಿವೆಗೆ ಸೇರಿದ ಕೆಲವೇ ಅಧ್ಯಾಯ ಆರಿಸಿಕೊಳ್ಳಿ. ಕನಿಷ್ಠ ಒಂದು ವಾರ ಅಲ್ಲೇ ಉಳಿಯಿರಿ.

ನಾನು ಆರಿಸಿಕೊಂಡದ್ದು ಏನ್‌ಗೆದಿ. ಮೃತ ಸಮುದ್ರದ ಪಶ್ಚಿಮ ದಡದಲ್ಲಿದೆ. ಸಮುದ್ರ ಮಟ್ಟಕ್ಕಿಂತ ಸುಮಾರು 400 ಮೀಟರ್ ಕೆಳಗೆ. ಹಿಂದೆ ಯೆಹೂದದ ಮರುಭೂಮಿಯ ಬಂಡೆಗೋಡೆ, ಮುಂದೆ ಉಪ್ಪುನೀರು, ನಡುವೆ ವರ್ಷವಿಡೀ ಹರಿಯುವ ಸಿಹಿನೀರಿನ ಒರತೆಗಳು. ರಾಜ ಸೌಲನಿಂದ ತಪ್ಪಿಸಿಕೊಂಡ ದಾವೀದ ಬಂದು ಅಡಗಿದ್ದು ಇಲ್ಲೇ ಎನ್ನುತ್ತದೆ ಒಂದನೇ ಸಮುವೇಲ 24. ಪರಮಗೀತದ ಮೊದಲ ಅಧ್ಯಾಯದಲ್ಲಿ ಇಲ್ಲಿನ ತೋಟಗಳ ಗೋರಂಟಿ ಹೂವಿನ ಮಾತಿದೆ. ಯೆಹೆಜ್ಕೇಲ 47ರಲ್ಲಿ ಬೆಸ್ತರು ಬಲೆ ಹರಡುವುದು ಈ ದಡದಲ್ಲಿ. ಇಷ್ಟು ಚಿಕ್ಕ ಜಾಗಕ್ಕೆ ಇಷ್ಟು ಪಾಠ ಇರುವುದು ಅಪರೂಪ.

ಹೋಗುವುದು ಸುಲಭ. ಜೆರುಸಲೇಮಿನ ಸೆಂಟ್ರಲ್ ಬಸ್ ನಿಲ್ದಾಣದಿಂದ ಮೃತ ಸಮುದ್ರದ ಕಡೆಗೆ ಹೋಗುವ ಬಸ್ ಹತ್ತಿದರೆ ಸುಮಾರು ಒಂದೂವರೆ ಗಂಟೆ. ಬಸ್ ಚಾರ್ಜಿಗೆ ಬಳಸುವ ರವ್‌ಕವ್ ಕಾರ್ಡನ್ನು ಮೊದಲೇ ಮಾಡಿಸಿಕೊಳ್ಳಿ. ಉಳಿಯಲು ಮೂರು ದಾರಿ ಇವೆ: ಕಣಿವೆಯ ಬಾಯಲ್ಲೇ ಇರುವ ಯೂತ್ ಹಾಸ್ಟೆಲ್, ಮೇಲಿನ ಗುಡ್ಡದ ಮೇಲಿರುವ ಪ್ರಕೃತಿ ಸಂರಕ್ಷಣಾ ಸಂಘದ ಫೀಲ್ಡ್ ಸ್ಕೂಲ್, ಸ್ವಲ್ಪ ದೂರದ ಕಿಬ್ಬುತ್ಸ್‌ನ ಅತಿಥಿಗೃಹ. ಕಿಬ್ಬುತ್ಸ್ ಅಂದರೆ ಒಟ್ಟಾಗಿ ದುಡಿದು ಒಟ್ಟಾಗಿ ಬಾಳಲು ಕಟ್ಟಿಕೊಂಡ ಹಳ್ಳಿ. ಅಲ್ಲಿನ ಮನೆಗಳ ನಡುವೆಯೇ ದೊಡ್ಡ ಸಸ್ಯೋದ್ಯಾನ ಇದೆ, ಆದರೆ ಬಾಡಿಗೆ ಜಾಸ್ತಿ. ಓದಲೆಂದು ಹೋಗುವವರಿಗೆ ಹಾಸ್ಟೆಲ್ ಸಾಕು. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಅಂಗಳದಲ್ಲೇ ಕಾಡುಮೇಕೆಗಳು ನಿಂತಿರುತ್ತವೆ. ನುಬಿಯನ್ ಐಬೆಕ್ಸ್ ಎಂಬ ಜಾತಿ, ಹಿಂದಕ್ಕೆ ಬಾಗಿದ ಉದ್ದ ಕೊಂಬು. ದಾವೀದ ಅಡಗಿದ ಆ ಅಧ್ಯಾಯ ಶುರುವಾಗುವುದೇ ಕಾಡುಮೇಕೆಗಳ ಬಂಡೆಗಳಿಂದ. ಓದಿದ ಸಾಲು ಎದುರಿಗೇ ಬಂದು ನಿಲ್ಲುವುದು ಅಂದರೆ ಇದೇ.

ಕಾಲ ಮುಖ್ಯ. ನವೆಂಬರಿನಿಂದ ಮಾರ್ಚ್‌ವರೆಗೆ ಹೋಗಿ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುತ್ತದೆ, ಆ ಬಿಸಿಲಲ್ಲಿ ಬಂಡೆಯ ಮೇಲೆ ಕೂತು ಓದಲು ಆಗುವುದಿಲ್ಲ. ನಾನು ಹೋದದ್ದು ಫೆಬ್ರವರಿಯಲ್ಲಿ. ಹಗಲು ಹಿತವಾಗಿತ್ತು, ರಾತ್ರಿ ಒಂದು ಸ್ವೆಟರ್ ಸಾಕಾಯಿತು.

ಈ ತಿಂಗಳುಗಳಲ್ಲೇ ಇರುವ ಅಪಾಯವನ್ನೂ ಹೇಳಿಬಿಡಬೇಕು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೃತ ಸಮುದ್ರದ ದಡದಲ್ಲಿ ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ಮಳೆ ಬೀಳುವುದು ಮೇಲೆ, ಜೆರುಸಲೇಮ್, ಹೆಬ್ರೋನ್ ಬೆಟ್ಟಗಳಲ್ಲಿ. ಆ ನೀರು ಸಾವಿರ ಮೀಟರಿಗೂ ಹೆಚ್ಚು ಇಳಿಜಾರು ಇಳಿದು ಒಣ ಹಳ್ಳಗಳಲ್ಲಿ ಒಮ್ಮೆಲೇ ನುಗ್ಗುತ್ತದೆ. ನಿಮ್ಮ ತಲೆಯ ಮೇಲೆ ಆಕಾಶ ನೀಲಿಯಾಗಿಯೇ ಇರಬಹುದು. 2018ರ ಏಪ್ರಿಲ್‌ನಲ್ಲಿ ಮೃತ ಸಮುದ್ರದ ದಕ್ಷಿಣಕ್ಕಿರುವ ತ್ಸಾಫಿತ್ ಹಳ್ಳದಲ್ಲಿ ಹೀಗೆ ಬಂದ ನೀರಿಗೆ ಹತ್ತು ಮಂದಿ ಎಳೆಯರು ಬಲಿಯಾದರು. ಹಾಗಾಗಿ ದಿನಾ ಬೆಳಿಗ್ಗೆ ಗೇಟಿನಲ್ಲಿರುವ ಅರಣ್ಯ ಸಿಬ್ಬಂದಿಯನ್ನು ಕೇಳಿ. ಬೇಡ ಅಂದರೆ ಹೋಗಬೇಡಿ. ಅಂಥ ದಿನ ಕೋಣೆಯಲ್ಲಿ ಕೂತು ಯೋಬನ 6ನೇ ಅಧ್ಯಾಯ ಓದಿ. ಕಷ್ಟದಲ್ಲಿ ಬಿದ್ದ ಯೋಬ, ಆಸರೆಯಾಗದ ತನ್ನ ಗೆಳೆಯರನ್ನು ಇಂಥ ಹಳ್ಳಗಳಿಗೇ ಹೋಲಿಸುತ್ತಾನೆ. ಒಮ್ಮೆ ತುಂಬಿ ಹರಿಯುತ್ತವೆ, ಬಿಸಿಲು ಬಂತೆಂದರೆ ಮಾಯ. ನೀರು ಸಿಗುತ್ತದೆಂದು ನಂಬಿ ಬಂದ ಪಯಣಿಗರ ಗುಂಪು ಪೆಚ್ಚಾಗಿ ನಿಲ್ಲುತ್ತದೆ. ಊರಲ್ಲಿ ಇದನ್ನು ಓದಿದಾಗ ಒಳ್ಳೆಯ ಉಪಮೆ ಅನಿಸಿತ್ತು. ಅಲ್ಲಿ ಒಣ ಹಳ್ಳದಲ್ಲಿ ನಡೆದ ಮೇಲೆ ಅವನ ಸಿಟ್ಟು ಅರ್ಥವಾಯಿತು.

ಸಂರಕ್ಷಿತ ಪ್ರದೇಶದಲ್ಲಿ ಎರಡು ಹಳ್ಳಗಳಿವೆ, ನಹಲ್ ದಾವೀದ್ ಮತ್ತು ನಹಲ್ ಅರುಗೋತ್. ಜಲಪಾತ ನೋಡಲು ಬರುವ ಶಾಲಾ ಮಕ್ಕಳು, ಪ್ರವಾಸಿಗರು ಎಲ್ಲರೂ ಮೊದಲನೆಯದಕ್ಕೆ ಹೋಗುತ್ತಾರೆ. ಓದುವವರಿಗೆ ಅರುಗೋತ್ ಒಳ್ಳೆಯದು. ಗೇಟು ತೆರೆದ ಕೂಡಲೇ ಒಳಗೆ ಹೋಗಿ. ಟಿಕೆಟ್ಟನ್ನು ಹಿಂದಿನ ದಿನವೇ ಆನ್‌ಲೈನ್‌ನಲ್ಲಿ ಕಾದಿರಿಸಿ. ಒಬ್ಬರಿಗೆ ಮೂರು ಲೀಟರ್ ನೀರು, ಅಗಲ ಅಂಚಿನ ಟೋಪಿ, ಒದ್ದೆಯಾದರೂ ಜಾರದ ಚಪ್ಪಲಿ ಬೇಕು. ಒಳಗೆ ತಿಂಡಿ ತಿನ್ನುವಂತಿಲ್ಲ, ಪ್ರಾಣಿಗಳಿಗೆ ಅಭ್ಯಾಸ ಆಗಬಾರದೆಂದು ಈ ನಿಯಮ. ಸಂಜೆ ಬೇಗ ಮುಚ್ಚುತ್ತಾರೆ, ಶುಕ್ರವಾರ ಇನ್ನೂ ಬೇಗ. ಸಿಬ್ಬಂದಿ ಹೇಳಿದ ಹೊತ್ತಿಗೆ ಸರಿಯಾಗಿ ಹೊರಗೆ ಬನ್ನಿ.

ಏನು ಓದಬೇಕು? ಗದ್ಯದಿಂದ ಶುರು ಮಾಡಿ. ಸಮುವೇಲನ ಕಥನದ ಹೀಬ್ರೂ ನೇರ, ಕ್ರಿಯಾಪದಗಳು ಒಂದರ ಹಿಂದೊಂದು ಬರುತ್ತವೆ, ಹೊಸಬರ ಕೈಗೆ ಸಿಗುತ್ತದೆ. ಆಮೇಲೆ ಕೀರ್ತನೆ 63 ಮತ್ತು 104. ಯೋಬನ ಹೀಬ್ರೂ ತುಂಬಾ ಕಷ್ಟ, ಅದನ್ನು ಕನ್ನಡದಲ್ಲೇ ಓದಿಕೊಂಡರೆ ಸಾಕು. ಈ ಅಧ್ಯಾಯಗಳ ಪದಪಟ್ಟಿಯನ್ನು ಊರಲ್ಲೇ ತಯಾರು ಮಾಡಿಕೊಳ್ಳಿ. ನಿಘಂಟು ತಿರುವುತ್ತಾ ಕೂತರೆ ಅಲ್ಲಿನ ಬೆಳಗು ಹಾಳು. ಸ್ವರಚಿಹ್ನೆ ಇರುವ ಚಿಕ್ಕ ಪುಸ್ತಕ ಇರಲಿ, ಇಲ್ಲವಾದರೆ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದ ಹಾಳೆಗಳಿರಲಿ. ಫೋನ್ ನಂಬಬೇಡಿ, ಬಿಸಿಲಿಗೆ ಕಾದು ಬಂದ್ ಆಗುತ್ತದೆ. ಕಾಗುಣಿತ ಕಲಿತ ನಮಗೆ ವ್ಯಂಜನಕ್ಕೆ ಸ್ವರ ಸೇರಿಸಿ ಓದುವುದು ಹೊಸದಲ್ಲ. ಗಂಟಲಿನ ಆಳದಿಂದ ಬರುವ ಒಂದೆರಡು ಉಚ್ಚಾರಣೆಗಳಿಗೆ ಮಾತ್ರ ಅಭ್ಯಾಸ ಬೇಕು. ಗಟ್ಟಿಯಾಗಿ ಓದಿ. ಅದು ಬಾಯಲ್ಲಿ ಉಳಿದು ಬಂದ ಪಠ್ಯ.

ನನ್ನ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಕಲಿಸಿದ್ದು 104ನೇ ಕೀರ್ತನೆ. ಬುಗ್ಗೆಗಳು ಕಣಿವೆಗಳಲ್ಲಿ ಹರಿಯುತ್ತವೆ, ಕಾಡುಪ್ರಾಣಿಗಳು ಕುಡಿಯುತ್ತವೆ, ಹಕ್ಕಿಗಳು ಕೊಂಬೆಗಳ ನಡುವೆ ಕೂಗುತ್ತವೆ ಎಂದು ಅದು ಸಾಗುತ್ತದೆ. ಎತ್ತರದ ಬೆಟ್ಟ ಕಾಡುಮೇಕೆಗೆ, ಬಂಡೆಯ ಸಂದು ಹೈರಾಕ್ಸ್‌ಗೆ ಎಂದು 18ನೇ ವಚನ ಹಂಚಿಕೊಡುತ್ತದೆ. ಹೈರಾಕ್ಸ್ ಅಂದರೆ ಮೊಲದಷ್ಟು ದೊಡ್ಡ, ಬಾಲ ಕಾಣದ, ಕಂದುಬಣ್ಣದ ಪ್ರಾಣಿ. ಅರುಗೋತ್‌ನಲ್ಲಿ ಒಂದು ಕಡೆ ಸುಮ್ನೆ ಕೂತು ಮೇಲೆ ನೋಡಿ. ಗೋಡೆಯಂಥ ಕಡಿದಾದ ಬಂಡೆಯಲ್ಲಿ ಮೇಕೆಗಳು, ಕೆಳಗೆ ಉರುಳಿಬಿದ್ದ ಬಂಡೆಗಳ ಸಂದಿಯಲ್ಲಿ ಹೈರಾಕ್ಸ್‌ಗಳು, ಜೊಂಡಿನಲ್ಲಿ ಹಕ್ಕಿಗಳು, ಕಾಲಬುಡದಲ್ಲಿ ನೀರು. ಯಾರಿಗೆ ಯಾವ ಮಟ್ಟ ಎಂಬುದು ಕಣ್ಣೆದುರೇ ಇದೆ. ಇದನ್ನು ಬರೆದವರು ಪಟ್ಟಿ ಮಾಡಲಿಲ್ಲ, ಕಂಡದ್ದನ್ನು ಹಾಡಿದರು ಅಂತ ನನಗೆ ನಂಬಿಕೆ ಬಂದದ್ದು ಅಲ್ಲಿ. ಮನುಷ್ಯನೂ ಈ ಹಾಡಿನಲ್ಲಿ ಬರುತ್ತಾನೆ, ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆಯವರೆಗೆ ದುಡಿಯುವವನಾಗಿ. ಉಳಿದ ಪ್ರಾಣಿಗಳ ಸಾಲಿನಲ್ಲಿ ಅವನೂ ಒಬ್ಬ. ಎಷ್ಟು ಚೆನ್ನಾಗಿದೆ ಅಲ್ವಾ?

ಗಿಡಗಳಲ್ಲಿ ನಮಗೆ ಪರಿಚಯದವೇ ಸಿಗುತ್ತವೆ. ದಾರಿ ಬದಿಯ ಎಕ್ಕದ ಗಿಡ ನಮ್ಮೂರಿನ ಎಕ್ಕದ ಹತ್ತಿರದ ನೆಂಟ. ಅದರ ಕಾಯಿಗೆ ಅಲ್ಲಿ ಸೊದೋಮಿನ ಸೇಬು ಎನ್ನುತ್ತಾರೆ. ಬೋರೆಯ ಜಾತಿಯ ಮರವಿದೆ, ನುಗ್ಗೆಯ ಜಾತಿಯದೂ ಒಂದಿದೆ. ಕಣಿವೆಯ ಬಾಯಲ್ಲಿರುವ ಜಾಲಿ ಮರಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಮರುಭೂಮಿಯಲ್ಲಿ ಒಡಂಬಡಿಕೆಯ ಮಂಜೂಷ, ಅಂದರೆ ದೇವರ ಆಜ್ಞೆಗಳ ಕಲ್ಲುಹಲಗೆಗಳನ್ನಿಟ್ಟ ಪೆಟ್ಟಿಗೆ, ಮಾಡಿದ್ದು ಜಾಲಿಯ ಮರದಿಂದ ಎನ್ನುತ್ತದೆ ವಿಮೋಚನಕಾಂಡ. ಸುತ್ತ ನೋಡಿದರೆ ಹಲಗೆ ಸೀಳುವಷ್ಟು ದಪ್ಪ ಬೆಳೆಯುವ ಮರ ಅಲ್ಲಿ ಇನ್ನೇನಿದೆ?

ಎರಡು ಹಳ್ಳಗಳ ನಡುವೆ ಹಳೆಯ ಸಿನಗಾಗ್‌ನ, ಅಂದರೆ ಯೆಹೂದ್ಯರ ಪ್ರಾರ್ಥನಾ ಮಂದಿರದ, ಅವಶೇಷ ಇದೆ. ಬಹಳ ಮಂದಿ ಇದನ್ನು ಬಿಟ್ಟುಹೋಗುತ್ತಾರೆ. ಹೀಬ್ರೂ ಕಲಿಯುವವರು ಮಾತ್ರ ಅರ್ಧ ದಿನ ಇದಕ್ಕೇ ಇಡಬೇಕು. ನೆಲದ ಮೇಲೆ ಮೊಸಾಯಿಕ್ ಬರಹವಿದೆ. ಆದಾಮನಿಂದ ನೋಹನ ಮಕ್ಕಳವರೆಗಿನ ಹೆಸರುಗಳು, ಹನ್ನೆರಡು ರಾಶಿಗಳು, ಹನ್ನೆರಡು ತಿಂಗಳುಗಳು. ಸ್ವರಚಿಹ್ನೆ ಇಲ್ಲ. ಆದರೆ ಹೆಸರುಗಳು ಗೊತ್ತಿರುವುದರಿಂದ ಆರು ತಿಂಗಳು ಕಲಿತವರೂ ಓದಬಹುದು. ಇದೇ ಹೆಸರುಗಳಿರುವ ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕದ ಮೊದಲ ಸಾಲುಗಳನ್ನು ಹಿಂದಿನ ರಾತ್ರಿ ಓದಿಕೊಂಡು ಹೋಗಿ. ಮುಂದಿನ ಭಾಗ ಅರಾಮಿಕ್ ಭಾಷೆಯಲ್ಲಿದೆ. ಜಗಳ ಹಚ್ಚುವವರಿಗೆ, ಕದಿಯುವವರಿಗೆ, ಊರಿನ ಗುಟ್ಟನ್ನು ಹೊರಗೆ ಹೇಳುವವರಿಗೆ ಶಾಪ. ಆ ಗುಟ್ಟು ಏನೆಂದು ಬರೆದಿಲ್ಲ. ಏನ್‌ಗೆದಿ ಸುಗಂಧತೈಲದ ಗಿಡಕ್ಕೆ ಹೆಸರಾದ ಊರು, ಅದನ್ನು ತಯಾರಿಸುವ ವಿಧಾನವೇ ಗುಟ್ಟು ಎಂದು ಹಲವು ವಿದ್ವಾಂಸರ ಊಹೆ.

ಈ ಸಿನಗಾಗ್ ಬೆಂಕಿಗೆ ಆಹುತಿಯಾಗಿತ್ತು. 1970ರ ಉತ್ಖನನದಲ್ಲಿ ಇಲ್ಲಿ ಸುಟ್ಟು ಕರಕಲಾದ ಒಂದು ಸುರುಳಿ ಸಿಕ್ಕಿತು. ಮುಟ್ಟಿದರೆ ಪುಡಿಯಾಗುವ ಸ್ಥಿತಿ, ಬಿಚ್ಚುವಂತಿಲ್ಲ. ದಶಕಗಳ ಕಾಲ ಅದು ಹಾಗೇ ಇತ್ತು. ಆಮೇಲೆ ಅದನ್ನು ಎಕ್ಸ್‌ರೇ ಸ್ಕ್ಯಾನ್ ಮಾಡಿದರು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ತಂಡ ಕಂಪ್ಯೂಟರಿನಲ್ಲೇ ಸುರುಳಿಯನ್ನು ಬಿಚ್ಚಿ ಓದುವಂತೆ ಮಾಡಿತು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಳಗಿದ್ದದ್ದು ಯಾಜಕಕಾಂಡದ ಮೊದಲ ಅಧ್ಯಾಯಗಳು. ಇಂದು ಮುದ್ರಣದಲ್ಲಿರುವ ಹೀಬ್ರೂ ಪಠ್ಯದ ವ್ಯಂಜನಗಳೇ ಅದರಲ್ಲೂ ಇವೆ. ನಿಮ್ಮ ಕೈಯಲ್ಲಿರುವ ಪುಸ್ತಕದ ಅದೇ ಪುಟವನ್ನು ಅದೇ ನೆಲದ ಹತ್ತಿರ ನಿಂತು ತೆರೆದು ಓದಿ. ಇಷ್ಟು ದೂರ ಬಂದದ್ದಕ್ಕೆ ಇದೊಂದೇ ಸಾಕು ಅನಿಸುತ್ತದೆ.

ಇನ್ನು ಸಮುದ್ರ. ಏನ್‌ಗೆದಿಯಲ್ಲಿ ನೀರಿಗಿಳಿಯುವ ಯೋಚನೆ ಬಿಡಿ. ಅಲ್ಲಿನ ಬೀಚ್ 2015ರಿಂದ ಮುಚ್ಚಿದೆ. ಜೋರ್ಡನ್ ನದಿಯ ನೀರನ್ನು ಮೇಲೆಯೇ ತಿರುಗಿಸಿಕೊಳ್ಳುವುದರಿಂದ, ದಕ್ಷಿಣದಲ್ಲಿ ಖನಿಜಕ್ಕಾಗಿ ನೀರು ಆವಿ ಮಾಡುವುದರಿಂದ ಸಮುದ್ರದ ಮಟ್ಟ ವರ್ಷಕ್ಕೆ ಒಂದು ಮೀಟರಿನಷ್ಟು ಇಳಿಯುತ್ತಿದೆ. ಹಿಂದೆ ಸರಿದ ಉಪ್ಪುನೀರಿನ ಜಾಗಕ್ಕೆ ನೆಲದಡಿಯ ಸಿಹಿನೀರು ಬರುತ್ತದೆ. ಅದು ಒಳಗಿನ ಉಪ್ಪಿನ ಪದರವನ್ನು ಕರಗಿಸುತ್ತದೆ, ಮೇಲಿನ ನೆಲ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಹೆದ್ದಾರಿಯ ಪೂರ್ವಕ್ಕೆ ಬೇಲಿ, ಎಚ್ಚರಿಕೆ ಫಲಕ ಇರುವ ಕಡೆ ಒಂದು ಹೆಜ್ಜೆಯೂ ಇಡಬೇಡಿ. ತೇಲುವ ಆಸೆ ಇದ್ದರೆ ದಕ್ಷಿಣದ ಏನ್ ಬೊಕೆಕ್‌ಗೆ ಬಸ್ಸಿನಲ್ಲಿ ಹೋಗಿ. ಯೆಹೆಜ್ಕೇಲನ ದರ್ಶನದಲ್ಲಿ ದೇವಾಲಯದಿಂದ ಹೊರಟ ಹೊಳೆ ಇಲ್ಲಿಗೆ ಬಂದು ಸಮುದ್ರವನ್ನೇ ಸಿಹಿ ಮಾಡುತ್ತದೆ, ಮೀನು ತುಂಬುತ್ತದೆ. ಆ ಅಧ್ಯಾಯವನ್ನು ಕುಸಿದ ದಡದ ಎದುರು ಓದುವಾಗ ಸಂಕಟವಾಯಿತು. ಓದಲೇಬೇಕು ಅಂತಲೂ ಅನಿಸಿತು.

ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್, ಯೆಹೂದ್ಯರ ವಿಶ್ರಾಂತಿಯ ದಿನ. ಶುಕ್ರವಾರ ಮಧ್ಯಾಹ್ನದಿಂದಲೇ ಬಸ್ ನಿಲ್ಲುತ್ತವೆ, ಅಂಗಡಿಗಳು ಹೆಚ್ಚು ಕಡಿಮೆ ಎಲ್ಲ ಮುಚ್ಚಿರುತ್ತವೆ. ಬೇಕಾದದ್ದನ್ನು ಗುರುವಾರವೇ ತಂದಿಟ್ಟುಕೊಳ್ಳಿ. ಆ ದಿನ ಪ್ರಯಾಣ ಇಟ್ಟುಕೊಳ್ಳಬೇಡಿ. ಸಸ್ಯಾಹಾರಿಗಳಿಗೆ ಚಿಂತೆ ಇಲ್ಲ: ಹುಮ್ಮಸ್, ಪಿಟಾ ರೊಟ್ಟಿ, ಫಲಾಫೆಲ್, ಎಳ್ಳಿನ ತಹಿನಿ, ಸಲಾಡ್ ಎಲ್ಲೆಡೆ ಸಿಗುತ್ತವೆ. ಯೆಹೂದ್ಯರ ಆಹಾರ ನಿಯಮದಂತೆ ಹಾಲು ಮತ್ತು ಮಾಂಸ ಬೆರೆಸುವುದಿಲ್ಲ. ಹಾಗಾಗಿ ಆ ನಿಯಮ ಪಾಲಿಸುವ, ಹಾಲಿನ ಅಡುಗೆಯ ಹೋಟೆಲ್‌ನಲ್ಲಿ ಮಾಂಸ ಇರುವುದಿಲ್ಲ. ಮೀನು ಇರಬಹುದು, ಕೇಳಿಕೊಳ್ಳಿ.

ವೀಸಾವನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಬೇಕು. ಬೆಂಗಳೂರಿನಲ್ಲೇ ಇಸ್ರೇಲ್ ಕಾನ್ಸುಲೇಟ್ ಇದೆ, ಈಗಿನ ನಿಯಮ ಅಲ್ಲೇ ವಿಚಾರಿಸಿ. ವಿಮಾನ ನಿಲ್ದಾಣದಲ್ಲಿ ಯಾಕೆ ಬಂದಿರಿ, ಎಲ್ಲಿ ಉಳಿಯುತ್ತೀರಿ ಎಂದು ವಿವರವಾಗಿ ಕೇಳುತ್ತಾರೆ. ಕೋಣೆ ಕಾದಿರಿಸಿದ ಕಾಗದ ಕೈಯಲ್ಲಿರಲಿ. 2023ರ ಅಕ್ಟೋಬರ್ ನಂತರ ಅಲ್ಲಿನ ಸ್ಥಿತಿ ದಿನದಿಂದ ದಿನಕ್ಕೆ ಬದಲಾಗಿದೆ. ನಮ್ಮ ವಿದೇಶಾಂಗ ಇಲಾಖೆಯ ಸೂಚನೆ ನೋಡದೆ ಟಿಕೆಟ್ ತೆಗೆಯಬೇಡಿ. ಹೋಗಬೇಡಿ ಎಂದಿದ್ದರೆ ಒಂದು ವರ್ಷ ತಡವಾದರೂ ಪರವಾಗಿಲ್ಲ, ಅಷ್ಟರಲ್ಲಿ ಇನ್ನೆರಡು ಅಧ್ಯಾಯ ಕಲಿಯಬಹುದು.

ಹೆಚ್ಚು ದಿನ ಇದ್ದರೆ ಟೆಲ್ ಅವೀವ್ ಮತ್ತು ಜೆರುಸಲೇಮ್ ನಡುವಿನ ನೆಓತ್ ಕೆದುಮಿಮ್‌ಗೆ ಹೋಗಿ. ಹಳೆಯ ಒಡಂಬಡಿಕೆಯ ಗಿಡಮರ, ಕಣ, ಗಾಣ, ನೀರಿನ ತೊಟ್ಟಿಗಳನ್ನು ಬೋಳುಗುಡ್ಡಗಳ ಮೇಲೆ ಮತ್ತೆ ಬೆಳೆಸಿ ಕಟ್ಟಿದ ಜಾಗ ಅದು. ನೋಗಾ ಹರೆಉವೇನಿ ಎಂಬುವರು ಇದಕ್ಕಾಗಿ ಜೀವನವನ್ನೇ ಕೊಟ್ಟರು. ಬಸ್ಸಿನ ಅನುಕೂಲ ಕಡಿಮೆ, ಟ್ಯಾಕ್ಸಿ ಮಾಡಿಕೊಳ್ಳಿ.

ವಾಪಸು ಬರುವಾಗ ಅದೇ ಹೆದ್ದಾರಿಯಲ್ಲಿ ಕುಮ್ರಾನ್ ಸಿಗುತ್ತದೆ. ಇದು ಇಸ್ರೇಲ್ ಹಿಡಿತದಲ್ಲಿರುವ ಪಶ್ಚಿಮ ದಂಡೆಯ ಭಾಗ. ಮೃತ ಸಮುದ್ರದ ಸುರುಳಿಗಳೆಂದು ಹೆಸರಾದ ಪ್ರಾಚೀನ ಬರಹಗಳಲ್ಲಿ ಮೊದಲ ಸುರುಳಿಗಳು 1947ರಲ್ಲಿ ಬೆಡುಯಿನ್ ಕುರಿಗಾಹಿಗಳಿಗೆ ಸಿಕ್ಕಿದ್ದು ಇಲ್ಲಿನ ಗುಹೆಯಲ್ಲಿ. ಅವುಗಳಲ್ಲಿ ಒಂದಾದ ಯೆಶಾಯನ ಸುರುಳಿ ಸುಮಾರು 7.3 ಮೀಟರ್ ಉದ್ದ, 66 ಅಧ್ಯಾಯಗಳೂ ಇವೆ. ಅದನ್ನಿಟ್ಟಿರುವುದು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿ. ಆದ್ದರಿಂದ ಮ್ಯೂಸಿಯಂಗೆ ಒಂದು ಪೂರ್ತಿ ದಿನವನ್ನು ಕೊನೆಯಲ್ಲಿ ಇಟ್ಟುಕೊಳ್ಳಿ, ಮೊದಲಲ್ಲಿ ಅಲ್ಲ. ಹಾಗೆಯೇ ಏನ್‌ಗೆದಿಯಿಂದ ಭಾನುವಾರ ಬೆಳಿಗ್ಗೆ ಹೊರಡಬೇಡಿ. ಅಲ್ಲಿ ವಾರ ಶುರುವಾಗುವುದೇ ಭಾನುವಾರ, ರಜೆ ಮುಗಿಸಿದ ಸೈನಿಕರಿಂದ ಬಸ್ಸುಗಳು ತುಂಬಿರುತ್ತವೆ. ಸೋಮವಾರ ಬೆಳಿಗ್ಗೆಯ ಬಸ್ಸಾದರೆ ಸಾಮಾನಿನ ಜೊತೆ ಕೂರಲು ಜಾಗ ಸಿಗುತ್ತದೆ.