ಹದಿಹರೆಯದವರ ಕೈಗೆ ಯಾವ ಕಾದಂಬರಿ ಕೊಡೋಣ?

ಹೈಸ್ಕೂಲು ಮಕ್ಕಳಿಗೆ ಏನು ಓದಿಸಲಿ ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಪುಸ್ತಕ, ಈಗಲೂ ಹೊಸದಾಗಿಯೇ ಇದೆ. ಹಾರುವ ಓತಿಯನ್ನು ಹುಡುಕಿಕೊಂಡು ಒಂದು ಗುಂಪು ಕಾಡಿಗೆ ಹೋಗುತ್ತದೆ ಅನ್ನುವುದು ಕಥೆ, ಆದರೆ ನನಗೆ ಮುಖ್ಯ ಅನ್ನಿಸುವುದು ಮಂದಣ್ಣ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಹುಡುಗ, ವಿಜ್ಞಾನಿ ಕರ್ವಾಲೊ ಕಣ್ಣಿಗೆ ಮಾತ್ರ ಹುಟ್ಟಾ ಪ್ರಕೃತಿ ತಜ್ಞ. ಮಾರ್ಕ್ಸ್ ಲೆಕ್ಕದಲ್ಲೇ ಅಳೆಸಿಕೊಳ್ಳುತ್ತಿರುವ ವಯಸ್ಸಿನಲ್ಲಿ ಇಂಥವನೊಬ್ಬನ ಪರಿಚಯ ಆಗಬೇಕು, ಅಲ್ವಾ?

ಇಂಗ್ಲಿಷ್ ಓದುವವರಿಗೆ 'ದಿ ಔಟ್‌ಸೈಡರ್ಸ್'. ಎಸ್. ಇ. ಹಿಂಟನ್ ಇದನ್ನು ಬರೆಯಲು ಶುರು ಮಾಡಿದ್ದು 15ನೇ ವಯಸ್ಸಿನಲ್ಲಿ, 1967ರಲ್ಲಿ ಪ್ರಕಟವಾದಾಗ ಆಕೆಗೆ 18. ಅದಕ್ಕೇ ಇರಬೇಕು, ದೊಡ್ಡವರು ಬುದ್ಧಿ ಹೇಳುವ ಧಾಟಿ ಎಲ್ಲೂ ಇಲ್ಲ. ಅಪ್ಪ ಅಮ್ಮನನ್ನು ಕಳೆದುಕೊಂಡ 14 ವರ್ಷದ ಹುಡುಗ, ಅವನ ಅಣ್ಣಂದಿರು, ಬೀದಿ ಗುಂಪುಗಳ ಹೊಡೆದಾಟ. ಸಾವೂ ಇದೆ, ಮೊದಲೇ ಹೇಳಿ ಕೊಡಿ.

ಸ್ವಲ್ಪ ದೊಡ್ಡವರಾದರೆ ಕಾರಂತರ 'ಚೋಮನ ದುಡಿ'. 1933ರದ್ದು, ತೆಳ್ಳಗಿನ ಪುಸ್ತಕ, ತುಂಬಾ ನೋಯಿಸುತ್ತದೆ. ಓದಿದ ಮೇಲೆ ಮಕ್ಕಳು ಜಾತಿಯ ಬಗ್ಗೆ ಪ್ರಶ್ನೆ ಕೇಳುತ್ತಾರೆ, ಆಗ ಮಾತು ಮರೆಸಬೇಡಿ, ಕೂತು ಮಾತಾಡಿ.

ಇನ್ನೊಂದು ಮಾತು. ಓದಿ ಮುಗಿಸಿದ ತಕ್ಷಣ ನೀತಿ ಏನು ಅಂತ ಪರೀಕ್ಷೆ ಮಾಡಬೇಡಿ. ಹಿಡಿಸದಿದ್ದರೆ ಅರ್ಧಕ್ಕೇ ಬಿಡಲಿ, ಸುಮ್ನೆ ಬೇರೆಯದೊಂದು ಕೊಡಿ.